ಕೆರೆ ಹತ್ತಿರದ ಲೋರಾ ನೋಡ್ ಮನೆಗೆ ಕೇಳಿಸುತ್ತಿಲ್ಲ, ಎಸ್‌ಡಿಆರ್ ಡಾಂಗಲ್‌ನಲ್ಲಿ ಏನು ನೋಡಬೇಕು?

ಪ್ರಶ್ನೆ (ಸಿದ್ದಾಪುರ ಕಡೆಯ ಬೆಳೆಗಾರ):
ಸರ್, ನಮ್ಮದು ರೋಬಸ್ಟಾ ತೋಟ. ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಸಮಯಕ್ಕೆ ಕೆರೆಯಲ್ಲಿ ನೀರೆಷ್ಟಿದೆ ಎಂದು ಮನೆಯಲ್ಲೇ ಗೊತ್ತಾಗಲಿ ಅಂತ ಒಂದು ಸೆನ್ಸರ್ ಮಾಡಿದ್ದೇನೆ. ಆರ್‌ಎಫ್‌ಎಂ95 ಲೋರಾ ಮಾಡ್ಯೂಲ್ (ಕಡಿಮೆ ಪವರ್‌ನಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೋ), ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಸಣ್ಣ ಸೋಲಾರ್ ಪ್ಯಾನೆಲ್. ಮೇಜಿನ ಮೇಲೆ ಇಟ್ಟರೆ ಎರಡೂ ಬೋರ್ಡ್ ಚೆನ್ನಾಗಿ ಮಾತಾಡುತ್ತವೆ. ಕೆರೆ ಹತ್ತಿರ ಇಟ್ಟರೆ ಮನೆಗೆ ಒಂದು ಪ್ಯಾಕೆಟ್ಟೂ (ಸಂದೇಶ) ಬರುವುದಿಲ್ಲ. ದೂರ ಅರ್ಧ ಕಿಲೋಮೀಟರ್ ಕೂಡ ಇಲ್ಲ. ಮಾಡ್ಯೂಲ್ ಬದಲಿಸಿದರೂ ಅದೇ ಕಥೆ. ಮಗಳು ಹೇಳಿದಳೆಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ತರಿಸಿದೆ, ಗಾಳಿಯಲ್ಲಿರುವ ರೇಡಿಯೋ ಸಿಗ್ನಲ್‌ಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಯುಎಸ್‌ಬಿ ಕಡ್ಡಿಯಂತೆ. ಲ್ಯಾಪ್‌ಟಾಪ್‌ಗೆ ಹಾಕಿದರೆ ಸ್ಕ್ರೀನ್ ತುಂಬ ಗೆರೆಗಳು. ನಮ್ಮದು ಯಾವುದು ಅಂತಲೇ ತಿಳಿಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ (ವೈರ್‌ಲೆಸ್ ಎಂಜಿನಿಯರ್):
ಮೊದಲು ಮಾಡ್ಯೂಲ್ ಬದಲಿಸುವುದನ್ನು ನಿಲ್ಲಿಸಿ ಸರ್. ಸುಮ್ನೆ ದುಡ್ಡು ದಂಡ. ನೋಡ್, ಅಂದರೆ ನಿಮ್ಮ ಕೆರೆ ಸೆನ್ಸರ್, ನಿಜವಾಗಿ ಕಳಿಸುತ್ತಿದೆಯಾ, ಹೇಳಿದ ಫ್ರೀಕ್ವೆನ್ಸಿಯಲ್ಲೇ ಕಳಿಸುತ್ತಿದೆಯಾ, ಬೇಕಾದಷ್ಟು ಜೋರಾಗಿ ಕಳಿಸುತ್ತಿದೆಯಾ, ಇಷ್ಟು ತಿಳಿದರೆ ಮುಕ್ಕಾಲು ಕೆಲಸ ಆಯಿತು. ಇದನ್ನೆಲ್ಲ ಆ ಡಾಂಗಲ್ ತೋರಿಸುತ್ತದೆ. ಪ್ಯಾಕೆಟ್ ಒಳಗೆ ಏನಿದೆ ಎಂಬುದು ಆಮೇಲಿನ ಮಾತು.

ಡಾಂಗಲ್ ಬಗ್ಗೆ ಎರಡು ಮಾತು. ಇದು ಟಿವಿ ನೋಡಲು ಹುಟ್ಟಿದ್ದು. ಒಳಗಿರುವ ಆರ್‌ಟಿಎಲ್2832ಯು ಚಿಪ್ ಕಚ್ಚಾ ಸ್ಯಾಂಪಲ್‌ಗಳನ್ನು ನೇರವಾಗಿ ಕಂಪ್ಯೂಟರಿಗೆ ಕೊಡಬಲ್ಲದು ಎಂದು 2012ರ ಹೊತ್ತಿಗೆ ಜನಕ್ಕೆ ಗೊತ್ತಾಯಿತು. ಅಲ್ಲಿಂದ ಇದು ಬಡವರ ಸ್ಪೆಕ್ಟ್ರಮ್ ಅನಲೈಜರ್, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಎಂದು ತೋರಿಸುವ ಯಂತ್ರ. ಆರ್820ಟಿ2 ಟ್ಯೂನರ್ ಇರುವುದಾದರೆ ಸುಮಾರು 24ರಿಂದ 1766 ಮೆಗಾಹರ್ಟ್ಸ್ ತನಕ ಕೇಳುತ್ತದೆ, ಒಮ್ಮೆಗೆ ಕಾಣುವುದು 2.4 ಮೆಗಾಹರ್ಟ್ಸ್ ಅಗಲ ಮಾತ್ರ. ವೈಫೈ, ಬ್ಲೂಟೂತ್ ಇದರ ಕೈಗೆ ಸಿಗುವುದಿಲ್ಲ. ಲೋರಾಗೆ ಧಾರಾಳ ಸಾಕು.

ಡಾಂಗಲ್ ಸರಿ ಇದೆಯಾ ಎಂದು ನೋಡಲು ಮಡಿಕೇರಿ ಆಕಾಶವಾಣಿ ಹಿಡಿಯಿರಿ, 103.1. ವಾರ್ತೆ ಕೇಳಿಸಿದರೆ ಡ್ರೈವರ್, ಕೇಬಲ್, ಆಂಟೆನಾ ಎಲ್ಲ ಕೆಲಸ ಮಾಡುತ್ತಿವೆ ಎಂದರ್ಥ. ಆಮೇಲೆ ನಿಮ್ಮ ಲೋರಾ ಫ್ರೀಕ್ವೆನ್ಸಿಗೆ ಬನ್ನಿ. ಆಟೋಮ್ಯಾಟಿಕ್ ಗೇನ್ (ಸಿಗ್ನಲ್ ಎಷ್ಟು ಹಿಗ್ಗಿಸಬೇಕು ಎಂಬುದು) ಆಫ್ ಮಾಡಿ, ಕೈಯಿಂದಲೇ ಕಡಿಮೆ ಗೇನ್ ಇಡಿ. ನೋಡನ್ನು ಪಕ್ಕದ ಕೋಣೆಯಲ್ಲಿಡಿ. ಪಕ್ಕದಲ್ಲೇ ಇಟ್ಟರೆ ಡಾಂಗಲ್‌ಗೆ ಕಿವಿ ಗಡಚಿಕ್ಕಿದ ಹಾಗಾಗಿ, ಒಂದು ಸಿಗ್ನಲ್ ನಾಲ್ಕು ಕಡೆ ಕಾಣುತ್ತದೆ. ಆ ಸುಳ್ಳು ಗೆರೆಗಳ ಹಿಂದೆ ಓಡಿ ದಿನ ಕಳೆದವರು ಬಹಳ.

ನಿಮ್ಮದು ಯಾವುದು ಎಂದು ತಿಳಿಯುವ ದಾರಿ ಸುಲಭ. ಕೆಲವು ಸೆಕೆಂಡಿಗೊಮ್ಮೆ ಕಳಿಸುತ್ತಲೇ ಇರುವ ಹಾಗೆ ಕೋಡ್ ಬರೆಯಿರಿ. ಸ್ಪ್ರೆಡಿಂಗ್ ಫ್ಯಾಕ್ಟರ್ 12 ಇಡಿ, ಈ ಸಂಖ್ಯೆ ಹೆಚ್ಚಿದಷ್ಟೂ ಲೋರಾ ನಿಧಾನವಾಗಿ ಕಳಿಸುತ್ತದೆ. ಬ್ಯಾಂಡ್‌ವಿಡ್ತ್ (ಸಿಗ್ನಲ್‌ನ ಅಗಲ) 125 ಕಿಲೋಹರ್ಟ್ಸ್ ಇದ್ದರೆ, 20 ಬೈಟ್‌ನ ಪ್ಯಾಕೆಟ್ 7ರಲ್ಲಿ 56 ಮಿಲಿಸೆಕೆಂಡಿಗೆ ಮುಗಿದುಹೋಗುತ್ತದೆ, ಕಣ್ಣು ಮಿಟುಕಿಸಿದರೆ ಇಲ್ಲ. 12ರಲ್ಲಿ ಅದೇ ಪ್ಯಾಕೆಟ್ 1.3 ಸೆಕೆಂಡ್ ಗಾಳಿಯಲ್ಲಿರುತ್ತದೆ. ವಾಟರ್‌ಫಾಲ್‌ನಲ್ಲಿ, ಅಂದರೆ ಸಮಯ ಕಳೆದಂತೆ ಸಿಗ್ನಲ್‌ಗಳು ಸರಿಯುತ್ತಾ ಹೋಗುವ ಚಿತ್ರದಲ್ಲಿ, ಓರೆ ಓರೆ ಗೆರೆಗಳು, ಒಂದರ ಹಿಂದೆ ಒಂದು, ಚೆನ್ನಾಗಿ ಕಾಣುತ್ತವೆ. ಬ್ಯಾಟರಿ ವೈರ್ ಕಿತ್ತ ತಕ್ಷಣ ಯಾವ ಗೆರೆ ಮಾಯವಾಗುತ್ತದೋ ಅದೇ ನಿಮ್ಮದು.

ಆಂಟೆನಾ ಇಲ್ಲದೆ ಮಾತ್ರ ಕಳಿಸಬೇಡಿ. ಮಾಡ್ಯೂಲಿನ ಪವರ್ ಭಾಗ ಸುಟ್ಟುಹೋಗಬಹುದು.

ಪ್ರಶ್ನೆ ಕೇಳಿದವರು:
ಕಾಣಿಸಿತು ಸರ್! ಕೋಡ್‌ನಲ್ಲಿ 868.1 ಹಾಕಿದ್ದೆ, ಗೆರೆ 868.13ರ ಹತ್ತಿರ ಬರುತ್ತಿದೆ. ಮನೆಯಲ್ಲಿ ರಿಸೀವರ್ ಆಗಿರುವ ಬೋರ್ಡನ್ನೂ ಕಳಿಸುವ ಹಾಗೆ ಮಾಡಿ ನೋಡಿದೆ. ಅದೂ ಅಲ್ಲೇ ಬರುತ್ತದೆ. ಆದರೆ ಕೆರೆ ಬೋರ್ಡ್ ಸುಮಾರು 25 ಡಿಬಿ ಕೆಳಗೆ. ಇನ್ನೊಂದು, 869ರಿಂದ ಮೇಲೆ ದೊಡ್ಡ ಗೋಡೆ ತರಹ ಏನೋ ಇದೆ. ಬ್ಯಾಟರಿ ಕಿತ್ತರೂ ಹೋಗುವುದಿಲ್ಲ. ಏನದು?

ಉತ್ತರ:
ಎರಡನ್ನೂ ಹೋಲಿಸಿ ನೋಡಿದಿರಲ್ಲ, ಅದೇ ಸರಿಯಾದ ಕೆಲಸ.

ಗೋಡೆ ಮೊಬೈಲ್ ಟವರ್‌ನದು. ನಮ್ಮ ದೇಶದಲ್ಲಿ 869ರಿಂದ ಮೇಲಕ್ಕೆ ಟವರ್‌ಗಳು ಫೋನ್ ಕಡೆಗೆ ಕಳಿಸುತ್ತವೆ. ಅದರ ಪಕ್ಕದಲ್ಲಿ 868.1ರಲ್ಲಿ ಕೂರುವುದು ಬುದ್ಧಿವಂತಿಕೆ ಅಲ್ಲ, ನಿಯಮಕ್ಕೂ ಹೊರಗೆ. 868.1 ಯುರೋಪಿನ ಲೆಕ್ಕ. ಉದಾಹರಣೆ ಕೋಡ್‌ಗಳಲ್ಲಿ ಬರುವ 915 ಅಮೆರಿಕದ್ದು. ನಮ್ಮಲ್ಲಿ 890ರಿಂದ 915 ಫೋನುಗಳು ಟವರ್ ಕಡೆ ಮಾತಾಡುವ ಜಾಗ. 865ರಿಂದ 867 ಮೆಗಾಹರ್ಟ್ಸ್‌ಗೆ 2005ರಿಂದಲೇ ಲೈಸೆನ್ಸ್ ಬೇಡ. ಟ್ರಾನ್ಸ್‌ಮಿಟರ್ ಪವರ್ 1 ವ್ಯಾಟ್ ಮೀರಬಾರದು, ಅಗಲ 200 ಕಿಲೋಹರ್ಟ್ಸ್ ಮೀರಬಾರದು. ನಿಮ್ಮ ಮಾಡ್ಯೂಲ್ ಹೇಗೂ ಅಷ್ಟು ಕೊಡುವುದಿಲ್ಲ. 865.4025 ಅಥವಾ 865.985 ಹಾಕಿ, ಲೋರಾ ಜಾಲಗಳ ನಿಯಮಾವಳಿಯಾದ ಲೋರಾವ್ಯಾನ್‌ನ ಭಾರತದ ಚಾನೆಲ್‌ಗಳು ಅವು.

30 ಕಿಲೋಹರ್ಟ್ಸ್ ಆಚೆ ಕಂಡದ್ದಕ್ಕೆ ತಲೆಬಿಸಿ ಬೇಡ. ಅಗ್ಗದ ಡಾಂಗಲ್‌ನ ಕ್ರಿಸ್ಟಲ್ (ಫ್ರೀಕ್ವೆನ್ಸಿಗೆ ಅಳತೆಗೋಲು) 50 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 50 ಭಾಗ, ತಪ್ಪಿದ್ದರೂ ಅಲ್ಲಿ 43 ಕಿಲೋಹರ್ಟ್ಸ್ ವ್ಯತ್ಯಾಸ ಬರುತ್ತದೆ. ಎರಡೂ ಬೋರ್ಡ್ ಒಂದೇ ಕಡೆ ಕಾಣುತ್ತಿರುವುದರಿಂದ ತಪ್ಪು ಡಾಂಗಲ್‌ನದು. ಅದರ ಅಳತೆ ನಂಬಬೇಡಿ, ಹೋಲಿಕೆ ನಂಬಿ. ಡಿಬಿ ವಿಷಯದಲ್ಲೂ ಹಾಗೆಯೇ. ಸ್ಕ್ರೀನಿನ ಡಿಬಿ ನಿಜವಾದ ಪವರ್ ಅಲ್ಲ. ಆದರೆ ಜಾಗ, ಗೇನ್ ಬದಲಿಸದೆ ಎರಡು ಬೋರ್ಡ್ ನೋಡಿದಾಗ ಬರುವ ವ್ಯತ್ಯಾಸಕ್ಕೆ ಬೆಲೆ ಇದೆ.

25 ಡಿಬಿ ಅಂದರೆ ಪವರ್‌ನಲ್ಲಿ 300 ಪಟ್ಟಿಗೂ ಜಾಸ್ತಿ ಕಡಿಮೆ. ಇದು ಮರಗಿಡದ ಕೆಲಸ ಅಲ್ಲ, ಪಕ್ಕದ ಕೋಣೆಯಲ್ಲೇ ಹೀಗಿದೆಯಲ್ಲ. ಈಗ ಎರಡು ಬೋರ್ಡ್‌ಗಳ ಆಂಟೆನಾ ಅದಲು ಬದಲು ಮಾಡಿ. ದೌರ್ಬಲ್ಯ ಆಂಟೆನಾ ಜೊತೆ ಹೋದರೆ ಅದೇ ಕಳ್ಳ. 433ರ ಸ್ಪ್ರಿಂಗ್ ಆಂಟೆನಾ ಕೊಟ್ಟಿರುವುದೂ ಉಂಟು. 866ಕ್ಕೆ ಕಾಲು ತರಂಗದ ತಂತಿ 8 ಸೆಂಟಿಮೀಟರ್ ಚಿಲ್ಲರೆ ಇರಬೇಕು, 433ಕ್ಕೆ ಅದರ ಎರಡು ಪಟ್ಟು.

ಬೋರ್ಡ್ ಜೊತೆಗೇ ಉಳಿದರೆ ಕೋಡ್ ನೋಡಿ. ನಿಮ್ಮ ಮಾಡ್ಯೂಲ್ ಒಳಗಿರುವ ಎಸ್‌ಎಕ್ಸ್1276 ಮಾದರಿಯ ಚಿಪ್‌ನಿಂದ ಸಿಗ್ನಲ್ ಹೊರಬರಲು ಆರ್‌ಎಫ್‌ಒ, ಪಿಎ ಬೂಸ್ಟ್ ಎಂದು ಬೇರೆ ಬೇರೆ ಪಿನ್‌ಗಳಿವೆ. ಆರ್‌ಎಫ್‌ಎಂ95ರಲ್ಲಿ ಆಂಟೆನಾಗೆ ಜೋಡಿಸಿರುವುದು ಪಿಎ ಬೂಸ್ಟ್ ಮಾತ್ರ. ಕೋಡ್ ಆರ್‌ಎಫ್‌ಒ ಎಂದು ಹೇಳಿದರೆ ಚಿಪ್ ಪ್ರಾಮಾಣಿಕವಾಗಿ ಎಲ್ಲಿಗೂ ಜೋಡಿಸದ ಪಿನ್ನಿಗೆ ಪವರ್ ಕೊಡುತ್ತದೆ. ಸೋರಿಕೆಯಷ್ಟೇ ಹೊರಗೆ ಬರುತ್ತದೆ. ಮೇಜಿನ ಮೇಲೆ ಮಾತಾಡಲು ಅದು ಸಾಕು, ಅಲ್ವಾ?

ಮತ್ತೊಬ್ಬರು (ಗೋಣಿಕೊಪ್ಪ):
ನಡುವೆ ಬಾಯಿ ಹಾಕುತ್ತಿದ್ದೇನೆ ಅಣ್ಣ. ನಮ್ಮಲ್ಲಿ ವಾಟರ್‌ಫಾಲ್‌ನಲ್ಲಿ ಸೆಕೆಂಡಿಗೊಮ್ಮೆ ಈ ತುದಿಯಿಂದ ಆ ತುದಿಗೆ ಅಡ್ಡಗೆರೆ ಬೀಳುತ್ತದೆ. ಯಾವ ಫ್ರೀಕ್ವೆನ್ಸಿಗೆ ಹೋದರೂ ಬಿಡುವುದಿಲ್ಲ.

ಉತ್ತರ:
ಆನೆಗೆ ಹಾಕಿದ ಸೋಲಾರ್ ಬೇಲಿ ಹತ್ತಿರದಲ್ಲಿ ಇದೆಯಾ? ಬೇಲಿಯ ಎನರ್ಜೈಸರ್ ಹೆಚ್ಚು ಕಡಿಮೆ ಸೆಕೆಂಡಿಗೊಂದು ಪಲ್ಸ್ ಬಿಡುತ್ತದೆ. ತಂತಿಗೆ ಬಳ್ಳಿ, ಹುಲ್ಲು ತಾಗಿ ಕಿಡಿ ಹಾರುತ್ತಿದ್ದರೆ ಹೀಗೇ ಕಾಣುತ್ತದೆ. ಅಷ್ಟು ಚಿಕ್ಕ ಪಲ್ಸ್ ಲೋರಾಗೆ ದೊಡ್ಡ ತೊಂದರೆ ಕೊಡುವುದಿಲ್ಲ. ಆದರೆ ಬೇಲಿ ಒಮ್ಮೆ ನಡೆದು ನೋಡಿ. ಕಿಡಿ ಹಾರುವ ಕಡೆ ಕರೆಂಟ್ ಸೋರುತ್ತಿದೆ ಎಂದರ್ಥ. ರೇಡಿಯೋಗಿಂತ ಅದು ಮುಖ್ಯ.

ಪ್ರಶ್ನೆ ಕೇಳಿದವರು:
ಸಿಕ್ಕಿತು ಸರ್. ಆಂಟೆನಾ ಬದಲಿಸಿದರೂ ಬೋರ್ಡೇ ವೀಕ್. ಕೆರೆ ಬೋರ್ಡಿನ ಕೋಡ್ ಬೇರೆ ಲೈಬ್ರರಿಯದು, ಅದರಲ್ಲಿ ಆರ್‌ಎಫ್‌ಒ ಇತ್ತು. ಪಿಎ ಬೂಸ್ಟ್ ಮಾಡಿದ ಮೇಲೆ ಎರಡೂ ಸಮ. 865.985ಕ್ಕೆ ಬಂದಿದ್ದೇನೆ, ಮನೆಗೆ ಪ್ಯಾಕೆಟ್ ಬರುತ್ತಿದೆ. ಆದರೆ ಮಂಜು ಮುಸುಕಿದ ಬೆಳಿಗ್ಗೆ ಕೆಲವು ತಪ್ಪುತ್ತವೆ. ಚಳಿಗೆ ಫ್ರೀಕ್ವೆನ್ಸಿ ಜಾರುತ್ತದೆಯೇ?

ಉತ್ತರ:
ಜಾರುತ್ತದೆ, ಆದರೆ ಅಷ್ಟಲ್ಲ. ಕ್ರಿಸ್ಟಲ್ 10 ಪಿಪಿಎಂ ಜಾರಿದರೂ ಅಲ್ಲಿ 9 ಕಿಲೋಹರ್ಟ್ಸ್ ಒಳಗೆ. 125 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್‌ನಲ್ಲಿ ಲೋರಾ ಅದರ ಕಾಲು ಭಾಗದಷ್ಟು, ಅಂದರೆ ಸುಮಾರು 30 ಕಿಲೋಹರ್ಟ್ಸ್ ತಡೆದುಕೊಳ್ಳುತ್ತದೆ. ಅನುಮಾನ ಇದ್ದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಡಾಂಗಲ್‌ನಲ್ಲಿ ನೋಡಿ.

ನನ್ನ ಅನುಮಾನ ಬ್ಯಾಟರಿ ಮೇಲೆ. ಪವರ್ 20 ಡಿಬಿಎಂ (100 ಮಿಲಿವ್ಯಾಟ್) ಇಟ್ಟರೆ ಕಳಿಸುವಾಗ ಮಾಡ್ಯೂಲ್ 120 ಮಿಲಿಆಂಪ್‌ನಷ್ಟು ಎಳೆಯುತ್ತದೆ. ರಾತ್ರಿಯೆಲ್ಲ ಚಾರ್ಜ್ ಇಲ್ಲದ ಬ್ಯಾಟರಿಯಲ್ಲಿ ಆ ಕ್ಷಣಕ್ಕೆ ವೋಲ್ಟೇಜ್ ಬಿದ್ದು ಆರ್ಡುಯಿನೋ ರೀಸೆಟ್ ಆಗಬಹುದು. ಇದನ್ನು ಹಿಡಿಯಲು ಡಾಂಗಲ್‌ಗಿಂತ ಒಳ್ಳೆಯದು ಇಲ್ಲ. ಲ್ಯಾಪ್‌ಟಾಪ್ ತಗೊಂಡು ಕೆರೆ ಏರಿ ಮೇಲೆ ಕೂತು ಬೆಳಿಗ್ಗೆ ರೆಕಾರ್ಡ್ ಮಾಡಿ. ಆಮೇಲೆ ಇನ್‌ಸ್ಪೆಕ್ಟ್ರಮ್ ಎಂಬ ತಂತ್ರಾಂಶದಲ್ಲಿ ತೆರೆದು ಪ್ರತಿ ಪ್ಯಾಕೆಟ್‌ನ ಉದ್ದ ನೋಡಿ. ಅರ್ಧಕ್ಕೇ ತುಂಡಾಗಿದ್ದರೆ ದೋಷ ಪವರ್ ಸಪ್ಲೈಯದು. ಪೂರ್ತಿ ಇದ್ದೂ ಮನೆಗೆ ಮುಟ್ಟದಿದ್ದರೆ ದಾರಿಯಲ್ಲಿ ಕಳೆದುಹೋಗುತ್ತಿದೆ.

ಮಂಜಾಗಲಿ ಮಳೆ ಹನಿಯಾಗಲಿ ಈ ಫ್ರೀಕ್ವೆನ್ಸಿಗೆ ಏನೂ ಮಾಡುವುದಿಲ್ಲ. ಒದ್ದೆ ಎಲೆ ಮಾಡುತ್ತದೆ, ಕನೆಕ್ಟರ್ ಒಳಗೆ ಇಳಿದ ನೀರು ಇನ್ನೂ ಜಾಸ್ತಿ ಮಾಡುತ್ತದೆ. ಆಂಟೆನಾ ಕಾಫಿ ಗಿಡಗಳ ನೆತ್ತಿಗಿಂತ ಮೇಲಿರಲಿ. ಸಿಲ್ವರ್ ಓಕ್ ಕಾಂಡಕ್ಕೆ ಅಂಟಿಸಿ ಕಟ್ಟಬೇಡಿ, ಒಂದು ಅಡಿಯಾದರೂ ಆಚೆ ಇರಲಿ.

ಇನ್ನೊಬ್ಬರು (ಭಾಗಮಂಡಲ):
ಲೋರಾ ಅಲ್ಲ ಸರ್, ಅಂಗಡಿಯಲ್ಲಿ ಸಿಗುವ 433 ಮೆಗಾಹರ್ಟ್ಸ್ ಮಳೆಮಾಪಕ ನಮ್ಮದು. ಜುಲೈ ಮಳೆಯಲ್ಲೇ ಮನೆಯೊಳಗಿನ ಡಿಸ್‌ಪ್ಲೇ ಸಂಖ್ಯೆ ಬದಲು ಬರೀ ಗೆರೆ ತೋರಿಸುತ್ತದೆ. ಇದೇ ಡಾಂಗಲ್ ಸಾಕಾ?

ಉತ್ತರ:
ಸಾಕು, ನಿಮ್ಮ ಕೆಲಸ ಇನ್ನೂ ಸುಲಭ. ಆರ್‌ಟಿಎಲ್_433 ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ಸೆನ್ಸರ್‌ಗಳ ಭಾಷೆ ಬಲ್ಲದು. ನಿಮ್ಮ ಮಾದರಿ ಅದಕ್ಕೆ ಗೊತ್ತಿದ್ದರೆ ಮಳೆ ಎಷ್ಟು, ಬ್ಯಾಟರಿ ಹೇಗಿದೆ ಎಂದು ಅಕ್ಷರದಲ್ಲೇ ಬರೆದು ತೋರಿಸುತ್ತದೆ. ಅದಕ್ಕೆ ರೀಡಿಂಗ್ ಬಂದು ಡಿಸ್‌ಪ್ಲೇಗೆ ಬರದಿದ್ದರೆ ಡಿಸ್‌ಪ್ಲೇ ಜಾಗ ಬದಲಿಸಿ. ಅದಕ್ಕೂ ಬರದಿದ್ದರೆ ಮಳೆಮಾಪಕದ ಬ್ಯಾಟರಿ ಮುಚ್ಚಳ ಬಿಚ್ಚಿ, ತುಕ್ಕು ಇದೆಯಾ ನೋಡಿ. ಪಕ್ಕದ ಮನೆಯವರ ಸೆನ್ಸರ್ ರೀಡಿಂಗ್ ಕೂಡ ಅದರಲ್ಲಿ ಬರಬಹುದು. ಗುರುತಿನ ಸಂಖ್ಯೆ ನೋಡಿಕೊಂಡು ನಿಮ್ಮದನ್ನು ಮಾತ್ರ ಇಟ್ಟುಕೊಳ್ಳಿ.