ಸರ್ವರ್‌ಗೆ ಯಾವ ಓಎಸ್ (ಆಪರೇಟಿಂಗ್ ಸಿಸ್ಟಮ್)? ವಿಡಿಯೋ ನೋಡಿ ನೋಡಿ ತಲೆ ಕೆಟ್ಟಿದೆ

ಪ್ರಶ್ನೆ (ಶಿರಸಿ):
ಸರ್, ನಮಸ್ಕಾರ. ಇಲ್ಲೊಂದು ಅಡಿಕೆ ಮಾರಾಟ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ವ್ಯಾಪಾರದ ಲೆಕ್ಕ, ಸದಸ್ಯರ ಖಾತೆ ಎಲ್ಲ ಒಂದೇ ಸರ್ವರಿನಲ್ಲಿ, ಮೈಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಇದೆ. ಓಎಸ್ ಇನ್ನೂ ಸೆಂಟ್‌ಓಎಸ್ 7 ಎಂಬ ಲಿನಕ್ಸ್. ಹೊಸ ಮಷಿನ್ ತರಲು ಆಡಳಿತ ಮಂಡಳಿ ಒಪ್ಪಿದೆ. ಒಂದು ವಿಡಿಯೋದಲ್ಲಿ ವಿಂಡೋಸ್ ಸರ್ವರ್ ಗೆಲ್ಲುತ್ತದೆ, ಇನ್ನೊಂದರಲ್ಲಿ ಡೆಬಿಯನ್ ಲಿನಕ್ಸ್, ಮತ್ತೊಬ್ಬ ಫ್ರೀಬಿಎಸ್‌ಡಿ ಬಿಟ್ಟರೆ ಗತಿಯಿಲ್ಲ ಅನ್ನುತ್ತಾನೆ. ನಿಜವಾಗಿ ಯಾವುದು ಫಾಸ್ಟ್? ಯಾರನ್ನು ನಂಬಲಿ?

ಉತ್ತರ (ಕಾರವಾರ, ಸರ್ವರ್ ನಿರ್ವಹಣೆಯ ಕೆಲಸ):
ತಮ್ಮಾ, ನಾನು ಇಪ್ಪತ್ತು ವರ್ಷದಿಂದ ಡೆಬಿಯನ್ ಪಕ್ಷದವ. ಚೀಲದ ತೂಕ ಕಳೆದ ಹಾಗೆ ನನ್ನ ಮಾತಿನಿಂದಲೂ ಅಷ್ಟು ಕಳೆದುಕೋ.

ಸೆಂಟ್‌ಓಎಸ್ 7ಕ್ಕೆ ಅಪ್‌ಡೇಟ್ ನಿಂತದ್ದು 2024ರ ಜೂನ್ 30ಕ್ಕೆ. ಆ ಸರ್ವರ್ ಹೊರಗಿನ ಇಂಟರ್‌ನೆಟ್ಟಿಗೆ ತೆರೆದಿದ್ದರೆ ಇವತ್ತೇ ಮುಚ್ಚು, ಉಳಿದದ್ದು ಆಮೇಲೆ.

ನಂಬುವ ವಿಷಯಕ್ಕೆ ಒಂದು ಹಳೇ ಕಥೆ. 1999ರ ಏಪ್ರಿಲ್‌ನಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ವಿಂಡೋಸ್ ಎನ್‌ಟಿ 4ನ್ನೂ ರೆಡ್‌ಹ್ಯಾಟ್ ಲಿನಕ್ಸನ್ನೂ ಹೋಲಿಸಿ, ಫೈಲ್ ಸರ್ವರ್ ಆಗಿ ಎನ್‌ಟಿ ಎರಡೂವರೆ ಪಟ್ಟು, ವೆಬ್ ಸರ್ವರ್ ಆಗಿ 3.7 ಪಟ್ಟು ಮುಂದೆ ಎಂದಿತು. ದುಡ್ಡು ಕೊಟ್ಟು ಮಾಡಿಸಿದ್ದು ಮೈಕ್ರೋಸಾಫ್ಟ್. ಮಷಿನ್ನಿನಲ್ಲಿ ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್. ಆಗ ಯಾರ ಆಫೀಸಿನಲ್ಲಿ ಅಂಥದ್ದಿತ್ತು ಹೇಳು! ಲಿನಕ್ಸ್‌ನವರು ಕೆಂಡವಾದರು. ಜೂನ್‌ನಲ್ಲಿ ಲಿನಕ್ಸ್ ಬಲ್ಲವರನ್ನೇ ಕೂರಿಸಿಕೊಂಡು ಪರೀಕ್ಷೆ ಮತ್ತೆ ನಡೆಯಿತು. ಅಂತರ ಇಳಿಯಿತು, ಗೆದ್ದದ್ದು ಮಾತ್ರ ಎನ್‌ಟಿಯೇ. ಯಾಕೆಂದರೆ ದೋಷ ನಿಜವಾಗಿಯೂ ಇತ್ತು: ಲಿನಕ್ಸ್‌ನ ಆಗಿನ 2.2 ಕರ್ನೆಲ್‌ನಲ್ಲಿ (ಓಎಸ್‌ನ ತಿರುಳು ಅದು) ನೆಟ್‌ವರ್ಕಿನ ಕೆಲಸ ಎಷ್ಟು ಪ್ರೊಸೆಸರ್ ಇದ್ದರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿತ್ತು. 2001ರ 2.4ರಲ್ಲಿ ಅದು ಸರಿಯಾಯಿತು. ಪಕ್ಷಪಾತದ ವರದಿಯಿಂದಲೇ ಲಿನಕ್ಸ್ ಸುಧಾರಿಸಿತು ಎಂದರೂ ತಪ್ಪಿಲ್ಲ.

ಸುಳ್ಳು ಹೇಳಬೇಕೆಂದೇ ಇಲ್ಲ ನೋಡು. ಚೀಲದ ಯಾವ ಮೂಲೆಗೆ ಕೈ ಹಾಕಿ ಅಡಿಕೆ ತೆಗೆದರು ಎಂಬುದರಲ್ಲೇ ದರ ತೀರ್ಮಾನವಾಗಿರುತ್ತದೆ. ವಿಡಿಯೋದವರು ಯಾವ ಕೆಲಸ ಕೊಟ್ಟು ಅಳೆದರು, ಅದು ನಿನ್ನ ಕೆಲಸವೇ ಎಂದು ನೋಡು.

ಪ್ರಶ್ನೆ (ಶಿರಸಿ):
ನಮ್ಮದು ಬರೀ ಬಿಲ್ಲು, ಖಾತೆ ಎಂಟ್ರಿ ಸರ್. ಒಂದು ವಿಡಿಯೋದಲ್ಲಿ ಅದೇ ಮಷಿನ್ನಿನಲ್ಲಿ ಓಎಸ್ ಬದಲಿಸಿದ್ದಕ್ಕೇ ಡೇಟಾಬೇಸ್ ಅಷ್ಟೊಂದು ಫಾಸ್ಟಾದದ್ದು ತೋರಿಸಿದರಲ್ಲ, ಅದು ಹೇಗೆ?

ಉತ್ತರ:
ಇನ್ನೋಡಿಬಿಯ (ಮೈಎಸ್‌ಕ್ಯೂಎಲ್ ಒಳಗೆ ಡೇಟಾ ಕೂಡಿಡುವ ಭಾಗ) ಲಾಗ್ ಫ್ಲಶ್ ಸೆಟ್ಟಿಂಗ್ ಎಷ್ಟಿತ್ತು ಎಂದು ಕಾಮೆಂಟಿನಲ್ಲಿ ಕೇಳು. ಮೂಲದಲ್ಲಿ ಅದು 1 ಇರುತ್ತದೆ, ಅಂದರೆ ಪ್ರತಿ ಎಂಟ್ರಿಯೂ ಡಿಸ್ಕಿನಲ್ಲಿ ಗಟ್ಟಿಯಾಗಿ ಕೂತ ಮೇಲೆಯೇ ‘ಆಯಿತು’ ಅನ್ನುತ್ತದೆ. 2 ಮಾಡಿದರೆ ಡಿಸ್ಕಿಗೆ ಗಟ್ಟಿಯಾಗಿ ತಳ್ಳುವುದು ಸೆಕೆಂಡಿಗೊಮ್ಮೆ ಮಾತ್ರ. ವೇಗ ಜಿಗಿಯುತ್ತದೆ. ಕರೆಂಟು ಹೋದರೆ ಕೊನೆಯ ಒಂದು ಸೆಕೆಂಡಿನ ಲೆಕ್ಕ ಹೋಯಿತು. ಒಂದು ಓಎಸ್‌ಗೆ 1, ಇನ್ನೊಂದಕ್ಕೆ 2 ಇಟ್ಟು ಅಳೆದರೆ ಬೇಕಾದವರನ್ನು ಗೆಲ್ಲಿಸಬಹುದು. ಏರ್ ಕಂಡೀಷನ್ ಕೋಣೆಯಲ್ಲಿ ಕೂತವರಿಗೆ 2 ನಡೆದೀತು. ಆಷಾಢದ ಮಳೆಗೆ ನಿಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ?

ಮಧ್ಯೆ ಒಬ್ಬರು (ಕುಮಟಾ):
ಮಾರಾಯ್ರೇ, ಸ್ಥಿರತೆಯನ್ನೂ ಹೇಳಿ. ಹಿಂದೆ ಯಾವ ಸರ್ವರ್ ಎಷ್ಟು ದಿನ ನಿಲ್ಲದೆ ಓಡಿತು ಎಂದು ತೋರಿಸುತ್ತಿದ್ದ ನೆಟ್‌ಕ್ರಾಫ್ಟ್ ಸಂಸ್ಥೆಯ ಅಪ್‌ಟೈಮ್ ಪಟ್ಟಿಯಲ್ಲಿ ಮೇಲಿದ್ದದ್ದೆಲ್ಲ ಬಿಎಸ್‌ಡಿ (ಫ್ರೀಬಿಎಸ್‌ಡಿಯ ಬಳಗ). ಲಿನಕ್ಸ್ ಕಣ್ಣಿಗೇ ಬೀಳುತ್ತಿರಲಿಲ್ಲ.

ಉತ್ತರ:
ಬಿಎಸ್‌ಡಿ ಗಟ್ಟಿ ಎಂಬುದನ್ನು ಒಪ್ಪಿದೆ. ಆ ಪಟ್ಟಿಯನ್ನಲ್ಲ. ಆಗಿನ ಲಿನಕ್ಸ್ ತಾನು ಓಡಿದ ಸಮಯವನ್ನು ಸೆಕೆಂಡಿಗೆ 100ರಂತೆ 32 ಬಿಟ್‌ನ ಕೌಂಟರಿನಲ್ಲಿ ಎಣಿಸುತ್ತಿತ್ತು. 497 ದಿನಕ್ಕೆ ಅದು ತುಂಬಿ ಮತ್ತೆ ಸೊನ್ನೆಯಿಂದ ಶುರು. ಮಷಿನ್ ಓಡುತ್ತಲೇ ಇದ್ದರೂ ಪಟ್ಟಿಯಲ್ಲಿ ನಿನ್ನೆ ಹುಟ್ಟಿದ ಕೂಸು. ಅಲ್ಲದೆ ಎರಡು ವರ್ಷ ರೀಬೂಟ್ ಮಾಡಿಲ್ಲ ಎಂದು ಯಾರಾದರೂ ಹೆಮ್ಮೆಪಟ್ಟರೆ, ಕರ್ನೆಲ್ ಅಪ್‌ಡೇಟ್ ಹಾಕದೆ ಎಷ್ಟು ದಿನವಾಯಿತು ಎಂಬುದೇ ನನ್ನ ಮೊದಲ ಪ್ರಶ್ನೆ.

ಪ್ರಶ್ನೆ (ಶಿರಸಿ):
ಹಾಗಾದರೆ ನಮಗೆ ಯಾವುದು ಸರ್?

ಉತ್ತರ:
ಟ್ಯಾಲಿಯೂ ಅದೇ ಸರ್ವರಿನಲ್ಲಿ ಓಡಬೇಕಿದ್ದರೆ ವಿಂಡೋಸ್, ಚರ್ಚೆಯೇ ಬೇಡ. ಇಲ್ಲವಾದರೆ ಆಲ್ಮಾಲಿನಕ್ಸ್ (ಡೆಬಿಯನ್‌ನವ ಹೇಳುತ್ತಿದ್ದೇನೆ, ಬರೆದಿಟ್ಟುಕೋ). ಸೆಂಟ್‌ಓಎಸ್‌ನ ಬಳಗದ್ದೇ ಆದ್ದರಿಂದ ನಿನಗೆ ಕೈ ಪಳಗಿದೆ, ಒಂದು ಆವೃತ್ತಿಗೆ ಹತ್ತು ವರ್ಷ ಅಪ್‌ಡೇಟ್ ಇದೆ. ನಿಮ್ಮ ಹೊರೆಗೆ ವೇಗದ ವ್ಯತ್ಯಾಸ ಕೌಂಟರಿನಲ್ಲಿ ಕೂತವರಿಗೆ ತಿಳಿಯುವುದೂ ಇಲ್ಲ.

ಹೊಸ ಮಷಿನ್ ಬಂದ ಮೇಲೆ ಕಳೆದ ಹಂಗಾಮಿನ ಲೆಕ್ಕದ ನಕಲು ಹಾಕಿ, ಎಂಟ್ರಿ ನಡೆಯುತ್ತಿರುವಾಗಲೇ ಪ್ಲಗ್ ಕಿತ್ತುಬಿಡು. ಮತ್ತೆ ಹಚ್ಚಿ ಕೊನೆಯ ಬಿಲ್ಲು ಇದೆಯೇ ನೋಡು. ಹತ್ತು ಸಲ ಮಾಡು. ಗಟ್ಟಿಯಾಗಿ ಬರೆಯುವ ಮೊದಲೇ ‘ಆಯಿತು’ ಅನ್ನುವ ಅಗ್ಗದ ಎಸ್‌ಎಸ್‌ಡಿಯಾಗಿದ್ದರೆ ಅದರ ಬಣ್ಣವೂ ಅಲ್ಲೇ ಬಯಲಾಗುತ್ತದೆ.

ಪ್ರಶ್ನೆ (ಶಿರಸಿ):
ಟ್ಯಾಲಿ ಬೇರೆ ಪಿಸಿಯಲ್ಲಿದೆ ಸರ್. ಯುಪಿಎಸ್ ಬ್ಯಾಟರಿ ಯಾವಾಗ ಹಾಕಿಸಿದ್ದು ಅಂತ ಮಾತ್ರ ಇಲ್ಲಿ ಯಾರಿಗೂ ನೆನಪಿಲ್ಲ.

ಉತ್ತರ:
ಓಎಸ್ ಬಿಡು, ನಾಳೆ ಬೆಳಿಗ್ಗೆ ಅದನ್ನು ಬದಲಾಯಿಸು.