ಅಂಗಳದಲ್ಲಿ ನಿಂತ ಪದ್ಮಿನಿ: ಮನೆಯಲ್ಲೇ ರಿಪೇರಿ ಮಾಡಬಹುದಾ?

ಸೇಡಂ ರಸ್ತೆ, ಕಲಬುರಗಿ
ಎಲ್ಲರಿಗೂ ನಮಸ್ಕಾರ. ಅಪ್ಪನ 1988ರ ಪ್ರೀಮಿಯರ್ ಪದ್ಮಿನಿ ಕಾರು ನಮ್ಮ ಅಂಗಳದಲ್ಲಿ ಬೇವಿನ ಮರದ ಕೆಳಗೆ ಆರು ವರ್ಷದಿಂದ ನಿಂತಿದೆ. ಅಪ್ಪ ತೀರಿಕೊಂಡ ಮೇಲೆ ಯಾರೂ ಚಾವಿ ತಿರುಗಿಸಿಲ್ಲ. ಅಮಾವಾಸ್ಯೆಗೆ ಗಾಣಗಾಪುರಕ್ಕೆ ನಾವೆಲ್ಲ ಹೋಗುತ್ತಿದ್ದದ್ದು ಇದರಲ್ಲೇ. ಕಳೆದ ಭಾನುವಾರ ಬಾನೆಟ್ ಎತ್ತಿ ನೋಡಿದೆ. ಏರ್ ಫಿಲ್ಟರ್ ಡಬ್ಬಿಯ ತುಂಬ ತೊಗರಿ ಹೊಟ್ಟು, ಇಲಿ ಗೂಡು ಕಟ್ಟಿದೆ. ವೈರ್ ಎರಡು ಕಡೆ ಕಡಿದಿದೆ. ಕೈಯಲ್ಲಿ ದೂಡಿದರೆ ಗಾಡಿ ಅಲುಗಲ್ಲ.

ನನ್ನ ಹತ್ತಿರ ಒಂದು ಪಾನಾ ಸೆಟ್, ಒಂದು ಜಾಕ್, ಭಾನುವಾರದ ಬಿಡುವು ಇದೆ. ಹೊಸ ಬ್ಯಾಟರಿ ಹಾಕಿ, ಎರಡು ಲೀಟರ್ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡಿ ನೋಡೋಣ ಅಂತಿದ್ದೇನೆ. ಅಣ್ಣ ಗುಜರಿಗೆ ಕೊಡು ಅಂತಾನೆ. ಅಮ್ಮ ಏನೂ ಹೇಳಲ್ಲ. ಮನೆಯಲ್ಲಿ ಆಗುವ ಕೆಲಸವಾ ಇದು?

ಯಾದಗಿರಿ ಗ್ಯಾರೇಜ್
ತಮ್ಮಾ, ಬ್ಯಾಟರಿ ಈಗಲೇ ಹಾಕಬೇಡ. ಆರು ವರ್ಷ ನಿಂತ ಎಂಜಿನ್ ಒಳಗೆ ಎಣ್ಣೆ ಪೂರ್ತಿ ಇಳಿದು ಸಿಲಿಂಡರ್ ಒಣಗಿರುತ್ತೆ. ಸ್ಟಾರ್ಟರ್ ಒಮ್ಮೆಲೇ ತಿರುಗಿಸಿದರೆ ಪಿಸ್ಟನ್ನಿನ ರಿಂಗ್ ಸಿಲಿಂಡರ್ ಗೋಡೆ ಗೀರುತ್ತೆ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಹಾಕು. ರಾತ್ರಿಯೆಲ್ಲ ಬಿಡು. ಮಾರನೇ ದಿನ ಪುಲ್ಲಿ ನಟ್‌ಗೆ ಪಾನಾ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸು. ತಿರುಗದಿದ್ದರೆ ಜೋರು ಮಾಡಬೇಡ, ಮತ್ತೆ ಎಣ್ಣೆ ಹಾಕಿ ಕಾಯಿ.

ಆದರೆ ಇದೂ ಎರಡನೇ ಕೆಲಸ. ಮೊದಲನೇದು ಬ್ರೇಕ್. ಗಾಡಿ ಸ್ಟಾರ್ಟ್ ಆದ ಮೇಲೆ ಸುಮ್ನೆ ಆಫ್ ಮಾಡಿದವರನ್ನು ನಾನು ನೋಡೇ ಇಲ್ಲ. ಗೇಟಿನ ತನಕ ಒಂದು ಸುತ್ತು ಅಂತಾರೆ, ಆಮೇಲೆ ರಸ್ತೆ ತನಕ. ಪೆಡಲ್ ಒತ್ತಿದಾಗ ಕೆಳಗೆ ಏನೂ ಇರಲ್ಲ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಚಕ್ರದ ಜೊತೆ ತಿರುಗುವ ಡಬ್ಬಿಯನ್ನು ಒಳಗಿನಿಂದ ಒತ್ತಿ ಹಿಡಿಯುವಂಥದ್ದು. ನಿಂತ ಗಾಡಿಯಲ್ಲಿ ಅವು ಹಿಡಿದುಕೊಂಡಿರುತ್ತವೆ. ಅದಕ್ಕೇ ನಿನ್ನ ಗಾಡಿ ಅಲುಗಲ್ಲ. ಬ್ರೇಕ್ ಕೆಲಸ ಮನೆಯಲ್ಲಿ ಬೇಡ. ಟೋ ಮಾಡಿಸಿ ಗ್ಯಾರೇಜಿಗೆ ತಗೊಂಡು ಹೋಗು.

ಹುಮನಾಬಾದ್ ಲೆಕ್ಕದವರು
ನಿಮ್ಮ ಅಣ್ಣನ ಮಾತನ್ನೂ ಒಮ್ಮೆ ಕೇಳಿ. 20 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2025ರ ಆಗಸ್ಟಿನಿಂದ ಕೇಂದ್ರದ ಶುಲ್ಕವೇ 10,000 ರೂಪಾಯಿ. ಮೊದಲು 5,000 ಇತ್ತು. ಇದು ಐದೈದು ವರ್ಷಕ್ಕೆ ಒಮ್ಮೆ. ವಿಂಟೇಜ್ ಅಂತ ಬೇರೆ ನೋಂದಣಿ ಮಾಡಿಸೋಣ ಅಂದರೆ 50 ವರ್ಷ ಆಗಿರಬೇಕು, ನಿಮ್ಮದಕ್ಕೆ 2038 ಬರಬೇಕು. ಆ ನಂಬರ್ ಸಿಕ್ಕರೂ ದಿನಬಳಕೆಗೆ ಓಡಿಸೋ ಹಾಗಿಲ್ಲ.

ಸಾಮಾನಿನ ಕತೆಯೂ ಇದೆ. ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಇದ್ದವರೆಗೆ ಅಲ್ಲಿನ ಅಂಗಡಿಗಳಲ್ಲಿ ಎಲ್ಲ ಸಿಗುತ್ತಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟಿತು. ಇನ್ನು ಸಿಗೋದು ಹೆಚ್ಚಾಗಿ ಹಳೇ ದಾಸ್ತಾನು.

ಇದನ್ನು ಸಂಕಟದಿಂದಲೇ ಬರೀತಿದ್ದೇನೆ. ನಮ್ಮಪ್ಪನ ಅಂಬಾಸಿಡರ್ ಅನ್ನು ನಾನೂ ಮಾಡ್ತೀನಿ ಮಾಡ್ತೀನಿ ಅಂತ ಐದು ಮಳೆಗಾಲ ಹೊರಗೆ ಬಿಟ್ಟೆ. ಕೊನೆಗೆ ನೆಲದ ತಗಡು ಕೈಯಲ್ಲಿ ಉದುರಿತು. ಮಾಡೋದಾದರೆ ಈ ಮಳೆಗಾಲದ ಒಳಗೆ ಮಾಡಿ, ಇಲ್ಲಾಂದರೆ ಮಾಡುವವರಿಗೆ ಕೊಟ್ಟುಬಿಡಿ.

ಬೀದರ್ ಎಂಟುನೂರು
ನಾನು ಮನೆಯಲ್ಲೇ ಮಾಡಿದವಳು, ಅದಕ್ಕೆ ಬರೀತಿದ್ದೇನೆ. ನಮ್ಮದು 1996ರ ಮಾರುತಿ 800, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಮಾಡೆಲ್. ಮೊದಲನೇ ವರ್ಷ ನಾನು ಮಾಡಿದ ತಪ್ಪು ಏನು ಗೊತ್ತಾ? ಹುರುಪಿನಲ್ಲಿ ಎಲ್ಲಾ ಬಿಚ್ಚಿದೆ. ಸೀಟು, ಡ್ಯಾಶ್‌ಬೋರ್ಡ್, ರೇಡಿಯೇಟರ್, ಎಲ್ಲಾ. ಸ್ಕ್ರೂಗಳನ್ನೆಲ್ಲ ಒಂದೇ ಬಿಸ್ಕತ್ ಡಬ್ಬಿಗೆ ಹಾಕಿದೆ. ಒಂದು ವರ್ಷ ಆ ಡಬ್ಬಿ ನೋಡಿದರೆ ಎದೆ ಭಾರ ಆಗುತ್ತಿತ್ತು.

ಎರಡನೇ ವರ್ಷ ಒಂದು ಕೆಲಸ ಮುಗಿಯುವ ತನಕ ಇನ್ನೊಂದನ್ನು ಮುಟ್ಟಲಿಲ್ಲ. ಸ್ಕ್ರೂ ಬಿಚ್ಚಿದ ತಕ್ಷಣ ಅದೇ ತೂತಿಗೆ ಎರಡು ಸುತ್ತು ಹಾಕಿ ಬಿಡೋದು. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಫೋಟೋ. ಹೀಗೆ ಮಾಡಿದ್ದಕ್ಕೇ ಗಾಡಿ ಮತ್ತೆ ಗಾಡಿಯಾಯಿತು.

ಯಾದಗಿರಿ ಉಸ್ತಾದರ ಒಂದು ಮಾತು ಒಪ್ಪಲ್ಲ. ಗ್ಯಾರೇಜಿಗೆ ಕೊಟ್ಟ ಕೆಲಸವೆಲ್ಲ ಸರಿಯಾಗುತ್ತೆ ಅಂತ ಇಲ್ಲ. ಒಂದು ಕಡೆ ಕಾರ್ಬುರೇಟರ್ ಕ್ಲೀನ್ ಮಾಡಲು ಕೊಟ್ಟೆ. ಹುಡುಗ ಜೆಟ್ ಒಳಗೆ, ಅಂದರೆ ಪೆಟ್ರೋಲ್ ಅಳತೆಯಲ್ಲಿ ಬಿಡುವ ಸಣ್ಣ ತೂತಿನ ತುಂಡಿನೊಳಗೆ, ಸ್ಟೀಲ್ ತಂತಿ ಹಾಕಿ ಆಡಿಸಿದ. ಜೆಟ್ ಹಿತ್ತಾಳೆಯದು, ಮೆತ್ತಗೆ. ಸಾಸಿವೆಗಿಂತ ಚಿಕ್ಕ ತೂತು ಅದು. ಕೂದಲೆಳೆಯಷ್ಟು ದೊಡ್ಡದಾದರೂ ಪೆಟ್ರೋಲ್ ಜಾಸ್ತಿ ಹೋಗುತ್ತೆ. ಹೊಗೆ ಕಪ್ಪಾಯಿತು, ಮೈಲೇಜ್ ಬಿತ್ತು. ಹೊಸ ಜೆಟ್ ಹಾಕಿ ಈಗ ನಾನೇ ಮಾಡ್ತೀನಿ. ಹಳೇ ಪೆಟ್ರೋಲ್ ಒಣಗಿ ಹಳದಿ ಅಂಟು ಆಗಿರುತ್ತೆ, ಬೆಲ್ಲದ ಪಾಕದ ಹಾಗೆ. ಕ್ಲೀನರ್ ಹೊಡೆದು ಅರ್ಧ ಗಂಟೆ ಬಿಡಿ. ಆಮೇಲೆ ಕಸಬರಿಗೆಯ ಸಣ್ಣ ಕಡ್ಡಿ ಹಾಕಿ. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು.

ಯಾದಗಿರಿ ಗ್ಯಾರೇಜ್
ಅಕ್ಕಾ, ತಂತಿ ಹಾಕಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರ್ಬುರೇಟರ್ ಕೆಟ್ಟರೆ ಗಾಡಿ ನಿಲ್ಲುತ್ತೆ. ಬ್ರೇಕ್ ಕೆಟ್ಟರೆ ಗಾಡಿ ನಿಲ್ಲಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಬೀದರ್ ಎಂಟುನೂರು
ಸರಿ ಉಸ್ತಾದ್. ಹಾಗಾದರೆ ಹೀಗೆ ಮಾಡಬಹುದಲ್ವಾ? ಬ್ರೇಕ್ ಬಿಚ್ಚೋದು, ತೊಳೆಯೋದು, ಚಕ್ರದ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಹೊಸದು ಕೂಡಿಸೋದು ಮನೆಯಲ್ಲಿ. ಬ್ರೇಕ್ ಆಯಿಲ್ ಪೈಪಿನೊಳಗಿನ ಗಾಳಿ ತೆಗೆದು ಕೊನೆಗೆ ಪರೀಕ್ಷೆ ಮಾಡೋದು ಬಲ್ಲವರ ಕೈಯಲ್ಲಿ. ಮಿಸ್ತ್ರಿಯನ್ನೇ ಅಂಗಳಕ್ಕೆ ಕರೆಸಿ. ಬ್ರೇಕ್ ಇಲ್ಲದ ಗಾಡಿಯನ್ನು ಟೋ ಮಾಡೋದೂ ಅಪಾಯವೇ ಅಲ್ವಾ?

ಯಾದಗಿರಿ ಗ್ಯಾರೇಜ್
ಅದು ಒಪ್ಪುವ ಮಾತು. ನಾನು ಟೋ ಅಂದದ್ದು ಹಗ್ಗ ಕಟ್ಟಿ ಎಳೆಯೋದಲ್ಲ, ಬೇರೆ ಗಾಡಿ ಮೇಲೆ ಏರಿಸಿ ತರೋದು. ಆದರೂ ಮಿಸ್ತ್ರಿ ಮನೆಗೆ ಬರೋದೇ ಒಳ್ಳೇದು.

ತಮ್ಮಾ, ಎರಡು ವಿಷಯ ಮರೀಬೇಡ. ನಮ್ಮ ಕಡೆ ಅಂಗಳಕ್ಕೆ ಶಹಾಬಾದ್ ಫರ್ಸಿ ಹಾಸಿರುತ್ತಾರೆ. ನುಣ್ಣಗಿರುತ್ತೆ, ಎಣ್ಣೆ ಬಿದ್ದರೆ ಇನ್ನೂ ಜಾಸ್ತಿ. ಜಾಕ್ ಜಾರುತ್ತೆ, ತೆಳ್ಳಗಿನ ಫರ್ಸಿ ಬಿರಿಯುತ್ತೆ. ದಪ್ಪ ಹಲಗೆ ಹಾಕಿ ಅದರ ಮೇಲೆ ಜಾಕ್ ಇಡು. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಡು. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಕೂಡ ಹಾಕಬೇಡ. ಇಟ್ಟಿಗೆ ಪೇರಿಸೋದು ಬೇಡವೇ ಬೇಡ, ಅದು ಒಮ್ಮೆಲೇ ಪುಡಿಯಾಗುತ್ತೆ.

ಎರಡನೇದು ಡ್ರಮ್ ಒಳಗಿನ ಧೂಳು. ಡ್ರಮ್ಮಿಗೆ ಉಜ್ಜುವ ಹಳೇ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಬಾಯಿಂದ ಊದಬೇಡ, ಏರ್ ಹೊಡೆಯಬೇಡ. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆ ಕವರಿನಲ್ಲಿ ಕಟ್ಟಿ ಬಿಸಾಕು. ಮಾಸ್ಕ್ ಇರಲಿ. ಮಕ್ಕಳು ಹತ್ತಿರ ಬರಬಾರದು.

ಆಳಂದದ ಕಾಕಾ
ನಾನು ಹದಿನೇಳು ವರ್ಷ ಪದ್ಮಿನಿ ಓಡಿಸಿದವನು. ಕೈಗೇರು ಸ್ಟೇರಿಂಗ್ ಪಕ್ಕ ಇರುತ್ತಲ್ಲ, ಈಗಲೂ ಬೇರೆ ಕಾರಿನಲ್ಲಿ ಕೂತರೆ ಎಡಗೈ ಅಲ್ಲಿಗೇ ಹೋಗುತ್ತೆ.

ಬ್ರೇಕ್ ಆದ ಮೇಲೆ ಬರುವ ಮಾತು ಬಿಸಿಲಿನದು. ಕಲಬುರಗಿ ಮೇ ತಿಂಗಳಲ್ಲಿ 43, 44 ಡಿಗ್ರಿ. ಪೆಟ್ರೋಲ್ ಪಂಪ್ ಎಂಜಿನ್ ಮೈಗೇ ಅಂಟಿಕೊಂಡಿದೆ. ಕಾದಾಗ ಒಳಗಿನ ಪೆಟ್ರೋಲ್ ಕುದಿದು ಆವಿ ಆಗುತ್ತೆ. ಪಂಪ್ ಆವಿಯನ್ನು ತಳ್ಳಲಾರದು, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತೆ. ನಾವು ಒಂದು ತಂಬಿಗೆ ನೀರು, ಒಂದು ಹಳೇ ಧೋತರದ ತುಂಡು ಇಟ್ಟುಕೊಂಡೇ ಹೊರಡುತ್ತಿದ್ದೆವು. ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕೂತರೆ ಮತ್ತೆ ಶುರು.

ಇದಕ್ಕೆ ಎಲೆಕ್ಟ್ರಿಕ್ ಪಂಪ್ ಹಾಕ್ತೀನಿ ಅಂತ ಹುಡುಗರು ಬರ್ತಾರೆ. ಬೇಡ ಮಗಾ. ಕಂಪನಿ ಕೊಟ್ಟಿದ್ದು ಹಾಗೇ ಇರಲಿ. ಪಂಪಿಗೂ ಎಂಜಿನ್ನಿಗೂ ನಡುವೆ ಬೇಕಲೈಟ್ ತುಂಡು ಇದೆ, ಶಾಖ ತಡೆಯಲಿಕ್ಕೆ. ಅದು ಬಿರಿದಿದೆಯಾ ನೋಡು. ರೇಡಿಯೇಟರಿಗೆ ಬೋರ್ ನೀರು ಹಾಕಬೇಡ. ನಮ್ಮ ಕಡೆ ಬೋರ್ ನೀರು ಗಡುಸು. ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುತ್ತಲ್ಲ, ರೇಡಿಯೇಟರ್ ನಳಿಗೆಗಳಿಗೂ ಅದೇ ಕಟ್ಟುತ್ತೆ. ಡಿಸ್ಟಿಲ್ಡ್ ನೀರು, ಕೂಲಂಟ್ ಹಾಕು.

ಯಾದಗಿರಿ ಗ್ಯಾರೇಜ್
ಕಾಕಾ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳ್ತೀನಿ. ಒದ್ದೆ ಬಟ್ಟೆ ಆಗ ನಡೀತು. ಈಗ ಹೆದ್ದಾರಿಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಗಾಡಿ ನಿಂತರೆ? ಎಲೆಕ್ಟ್ರಿಕ್ ಪಂಪನ್ನು ಡಿಕ್ಕಿಯಲ್ಲಿ ಟ್ಯಾಂಕ್ ಹತ್ತಿರ ಹಾಕಿದರೆ ತಣ್ಣಗಿರುತ್ತೆ, ಪೈಪಿನಲ್ಲಿ ಒತ್ತಡ ಇರುವುದರಿಂದ ಆವಿ ಬೇಗ ಏಳಲ್ಲ. ಆದರೆ ಕಾರ್ಬುರೇಟರಿಗೆ ಅಂತಲೇ ಇರುವ ಕಡಿಮೆ ಒತ್ತಡದ ಪಂಪ್ ಬೇಕು. ಈಗಿನ ಇಂಜೆಕ್ಷನ್ ಗಾಡಿಗಳ ಹೆಚ್ಚು ಒತ್ತಡದ ಪಂಪ್ ಹಾಕಿದರೆ ಪೆಟ್ರೋಲ್ ಉಕ್ಕಿ ಎಂಜಿನ್ ಮೇಲೆ ಚೆಲ್ಲುತ್ತೆ. ಎಂಜಿನ್ ನಿಂತರೆ ಪಂಪ್ ತಾನೇ ನಿಲ್ಲುವ ಸ್ವಿಚ್ಚೂ ಇರಬೇಕು.

ಇನ್ನೊಂದು, ಈಗ ಬಂಕಿನಲ್ಲಿ ಸಿಗೋದು ಇ20. ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. 1988ರ ರಬ್ಬರ್ ಪೈಪು, ಪಂಪಿನ ಪೊರೆ ಅದಕ್ಕೆ ಮಾಡಿದ್ದಲ್ಲ. ಉಬ್ಬುತ್ತೆ, ಬಿರಿಯುತ್ತೆ, ಸೋರುತ್ತೆ. ಪೆಟ್ರೋಲ್ ಹಾಕುವ ಮೊದಲೇ ಎಲ್ಲಾ ಪೈಪ್ ಬದಲಿಸು.

ಆಳಂದದ ಕಾಕಾ
ಪೈಪಿನ ಮಾತು ಖರೆ. ಪಂಪಿನ ಮಾತಿಗೆ ಮನಸ್ಸು ಒಪ್ಪವಲ್ಲದು. ಹಾಕಿದರೂ ಹಳೇ ಪಂಪ್ ಬಿಸಾಕಬೇಡ. ಎಣ್ಣೆ ಹಚ್ಚಿ ಸುತ್ತಿ ಇಡು. ಮತ್ತೆ ಮೊದಲಿನಂತೆ ಮಾಡಲು ಬರದ ಹಾಗೆ ಯಾವುದನ್ನೂ ಕೊರೆಯಬೇಡ, ಕತ್ತರಿಸಬೇಡ.

ಸೇಡಂ ರಸ್ತೆ, ಕಲಬುರಗಿ
ಐದು ವಾರದ ನಂತರ ಬರೀತಿದ್ದೇನೆ. ಬ್ಯಾಟರಿ ಇನ್ನೂ ತಂದಿಲ್ಲ.

ಹಲಗೆ, ಸ್ಟ್ಯಾಂಡ್ ಹಾಕಿಯೇ ಎತ್ತಿದೆ. ಹಿಂದಿನ ಎಡ ಡ್ರಮ್ ಬರಲೇ ಇಲ್ಲ. ಎರಡು ದಿನ ತುಕ್ಕಿನ ಎಣ್ಣೆ ಬಿಟ್ಟು, ಮರದ ತುಂಡು ಇಟ್ಟು ಸುತ್ತಲೂ ತಟ್ಟಿದ ಮೇಲೆ ಬಂತು. ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದರೆ ಬ್ರೇಕ್ ಆಯಿಲ್ ಇಲ್ಲ, ಕಂದು ಬಣ್ಣದ ಕೆಸರು. ಪಿಸ್ಟನ್ ಗೋಡೆಗೆ ಬೆಸೆದುಕೊಂಡಿತ್ತು. ಇದನ್ನು ನಂಬಿ ರಸ್ತೆಗೆ ಇಳಿಯುತ್ತಿದ್ದೆ ಅಂತ ನೆನೆದರೆ ಈಗಲೂ ಮೈ ನಡುಗುತ್ತೆ. ವೀಲ್ ಸಿಲಿಂಡರ್ ಎಲ್ಲಾ ಹೊಸವು ಹಾಕಿದೆ. ಇಲ್ಲಿ ಸಿಗಲಿಲ್ಲ, ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಸುತ್ತಾಡಿ ತಂದೆ. ಮಿಸ್ತ್ರಿ ಮನೆಗೇ ಬಂದು ಗಾಳಿ ತೆಗೆದು, ಪೆಡಲ್ ಗಟ್ಟಿ ಇದೆ ಅಂದರು. ಆರ್‌ಸಿ ಕಾಗದ ಅಣ್ಣನೇ ಹುಡುಕಿ ತೆಗೆದ.

ಮೊನ್ನೆ ಸಂಜೆ ಅಣ್ಣ, ನಾನು ಇಬ್ಬರೂ ಸೇರಿ ದೂಡಿದೆವು. ಆರು ವರ್ಷದ ಮೇಲೆ ಗಾಡಿ ಬೇವಿನ ನೆರಳಿನಿಂದ ಹೊರಗೆ ಬಂತು. ಅಮ್ಮ ಅಡುಗೆ ಮನೆಯಿಂದ ಬಂದು ತಾವು ಯಾವಾಗಲೂ ಕೂರುತ್ತಿದ್ದ ಕಡೆ, ಮುಂದಿನ ಸೀಟಿನಲ್ಲಿ ಕೂತರು. ನಾನು ಬ್ರೇಕ್ ಒತ್ತಿದೆ. ಗೇಟಿಗೆ ಎರಡು ಮೊಳ ಇರುವಾಗ ನಿಂತಿತು.

ಕಾಕಾ, ಬೇಕಲೈಟ್ ತುಂಡು ಬಿರಿದಿಲ್ಲ. ಈ ಭಾನುವಾರ ಪ್ಲಗ್ ಬಿಚ್ಚಿ ಎಣ್ಣೆ ಹಾಕ್ತೀನಿ.