ಮಕ್ಕಳು ಕೇಳಿದ್ದನ್ನೆಲ್ಲ ಕೊಡಿಸಲಾಗದಾಗ: ಆಪ್ತಸಮಾಲೋಚಕರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗನಿಗೆ 6 ವರ್ಷ, ಮಗಳಿಗೆ 11. ಬಾಡಿಗೆ, ಶಾಲೆಯ ಶುಲ್ಕ, ಸಾಲದ ಕಂತು ಎಲ್ಲ ಕಳೆದರೆ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಅಂಗಡಿಗೆ ಹೋದಾಗಲೆಲ್ಲ ಮಗ ಆಟಿಕೆಗಳ ಮುಂದೆ ನೆಲಕ್ಕೆ ಕುಳಿತು ಅಳುತ್ತಾನೆ. ಮಗಳು ಗೆಳತಿಯರಲ್ಲಿರುವಂಥ ಬೂಟು, ಬ್ಯಾಗು ತನಗೂ ಬೇಕೆಂದು ದಿನವೂ ಹಟ ಮಾಡುತ್ತಾಳೆ. ‘ಮುಂದಿನ ತಿಂಗಳು ನೋಡೋಣ’ ಎಂದು ಸಮಾಧಾನ ಹೇಳುತ್ತೇನೆ. ಜನರೆದುರು ಮುಜುಗರವಾಗಿ ಕೆಲವೊಮ್ಮೆ ಕೊಡಿಸಿಯೂ ಬಿಡುತ್ತೇನೆ. ಮನೆಯ ಕಷ್ಟವನ್ನು ಮಕ್ಕಳಿಗೆ ಹೇಳಬೇಕೇ, ಬೇಡವೇ?

ಉತ್ತರ: ನಮಸ್ಕಾರ. ‘ಕೆಲವೊಮ್ಮೆ ಕೊಡಿಸಿಯೂ ಬಿಡುತ್ತೇನೆ’ ಎಂದಿರಲ್ಲ, ಮಗನ ವಿಷಯದಲ್ಲಿ ಗಮನಿಸಬೇಕಾದದ್ದು ಅದನ್ನೇ. ಆಗೊಮ್ಮೆ ಈಗೊಮ್ಮೆ ಮಾತ್ರ ಫಲ ಕೊಡುವ ವರ್ತನೆಯನ್ನು ಬಿಡಿಸುವುದು, ಪ್ರತಿ ಸಲವೂ ಫಲ ಕೊಡುವ ವರ್ತನೆಯನ್ನು ಬಿಡಿಸುವುದಕ್ಕಿಂತ ಕಷ್ಟ ಎಂಬುದನ್ನು ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ಪ್ರಯೋಗಗಳು ಕಳೆದ ಶತಮಾನದಲ್ಲೇ ತೋರಿಸಿವೆ. ಯಾವ ಅಳುವಿಗೆ ಆಟಿಕೆ ಸಿಗುತ್ತದೆಂದು ತಿಳಿಯದ ಮಗು ಪ್ರತಿ ಸಲವೂ ಅತ್ತು ನೋಡುತ್ತದೆ. ಆದ್ದರಿಂದ ಕೊಡಿಸುವ ಮನಸ್ಸಿದ್ದರೆ ಅಳುವ ಮೊದಲೇ ಕೊಡಿಸಿ. ಇಲ್ಲವೆಂದ ಮೇಲೆ ಮಾತು ಬದಲಿಸಬೇಡಿ. ಮೊದಲ ಕೆಲವು ಸಲ ಅಳು ತಗ್ಗುವ ಬದಲು ಜೋರಾಗುತ್ತದೆ. ಅನೇಕ ಹೆತ್ತವರು ಆ ಹಂತದಲ್ಲಿ ಸೋತು ಕೊಡಿಸಿಬಿಡುವುದರಿಂದ, ಇನ್ನೂ ಜೋರಾಗಿ ಅಳಬೇಕೆಂಬುದನ್ನು ತಾವೇ ಕಲಿಸಿದಂತಾಗುತ್ತದೆ.

ಮನೆಯಿಂದ ಹೊರಡುವಾಗಲೇ ಏನೇನು ತರುತ್ತೇವೆಂದು ಅವನಿಗೆ ಹೇಳಿ, ಚೀಟಿಯನ್ನು ಅವನ ಕೈಗೇ ಕೊಡಿ. ಅಂಗಡಿಯಲ್ಲಿ ಅಳಲು ಆರಂಭಿಸಿದರೆ ಪಕ್ಕದಲ್ಲಿ ಕುಳಿತು, ‘ಆ ಕಾರು ನಿನಗೆ ತುಂಬಾ ಇಷ್ಟವಾಗಿದೆ, ನನಗೆ ಗೊತ್ತು ಪುಟ್ಟ. ಇವತ್ತು ಆಟಿಕೆ ಕೊಳ್ಳುವುದಿಲ್ಲ’ ಎಂದು ಒಮ್ಮೆ ಹೇಳಿ, ವಾದಕ್ಕಿಳಿಯದೆ ಅವನನ್ನು ಹೊರಗೆ ಕರೆದುಕೊಂಡು ಬನ್ನಿ. ಸುತ್ತಲಿನವರ ನೋಟ ನಿಮ್ಮನ್ನು ಎಷ್ಟು ಕುಗ್ಗಿಸುತ್ತದೆಂಬುದು ನನಗೆ ಅರ್ಥವಾಗುತ್ತದೆ. ಆದರೆ ಅವರು ಐದು ನಿಮಿಷದಲ್ಲಿ ಮರೆಯುತ್ತಾರೆ, ಮಗ ಮರೆಯುವುದಿಲ್ಲ.

‘ಮುಂದಿನ ತಿಂಗಳು ನೋಡೋಣ’ ಎಂಬ ಮಾತನ್ನು, ನಿಜವಾಗಿ ಕೊಡಿಸುವ ಉದ್ದೇಶವಿಲ್ಲದಿದ್ದರೆ, ದಯವಿಟ್ಟು ನಿಲ್ಲಿಸಿ. 2013ರಲ್ಲಿ ಪ್ರಕಟವಾದ, ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಒಂದು ಅಧ್ಯಯನದಲ್ಲಿ 28 ಪುಟ್ಟ ಮಕ್ಕಳಿದ್ದರು. ಚಿತ್ರ ಬರೆಯಲು ಇನ್ನೂ ಚೆಂದದ ಬಣ್ಣಗಳನ್ನು ತರುತ್ತೇನೆಂದು ಹೇಳಿ ಹೋದ ಸಂಶೋಧಕರು ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿಗೆ ಬರಿಗೈಯಲ್ಲಿ ಮರಳಿದರು. ಆಮೇಲೆ ಎಲ್ಲರ ಮುಂದೆಯೂ ಒಂದು ಸಿಹಿಯನ್ನಿಟ್ಟು, ತಿನ್ನದೆ ಕಾದರೆ ಎರಡು ಸಿಗುತ್ತದೆಂದು ಹೇಳಲಾಯಿತು. ಕೊಟ್ಟ ಮಾತು ನಡೆದದ್ದನ್ನು ಕಂಡಿದ್ದ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದ್ದನ್ನು ಕಂಡಿದ್ದವರು ಸುಮಾರು 3 ನಿಮಿಷ. ಸಣ್ಣ ಅಧ್ಯಯನವೇ ಆದರೂ, ಮಕ್ಕಳ ತಾಳ್ಮೆಯ ಹಿಂದೆ ದೊಡ್ಡವರ ಮಾತಿನ ಮೇಲಿನ ನಂಬಿಕೆಯೂ ಇದೆ ಎಂಬುದನ್ನು ಅದು ಸ್ಪಷ್ಟವಾಗಿ ಕಾಣಿಸುತ್ತದೆ. ಕೊಡಿಸುವುದಾದರೆ ದಿನ ಗೊತ್ತುಮಾಡಿ ಹೇಳಿ, ಆ ದಿನ ತಪ್ಪದೆ ಕೊಡಿಸಿ. ವಸ್ತು ಚಿಕ್ಕದಾದರೂ ಚಿಂತೆಯಿಲ್ಲ.

ಮಗಳಿಗೆ ಮನೆಯ ಸ್ಥಿತಿಯನ್ನು ಹೇಳಬಹುದು, ಹೇಳಲೇಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಸಾಲಗಾರರ ಮಾತು, ಮುಂದೇನು ಗತಿಯೋ ಎಂಬ ನಿಮ್ಮ ಆತಂಕ ಅವಳ ತಲೆಯ ಮೇಲೆ ಬೀಳಬಾರದು. ‘ದುಡ್ಡೇ ಇಲ್ಲ’ ಎಂದರೆ, ಅದೇ ಸಂಜೆ ನೀವು ವಿದ್ಯುತ್ ಬಿಲ್ ಕಟ್ಟುವುದನ್ನು ನೋಡಿದವಳಿಗೆ ಅದು ಸುಳ್ಳೆನಿಸುತ್ತದೆ. ಬಿಲ್ಲುಗಳನ್ನು ಒಮ್ಮೆ ಅವಳೆದುರು ಹರಡಿ, ಯಾವುದಕ್ಕೆ ಎಷ್ಟು ಎತ್ತಿಡುತ್ತೀರಿ ಎಂದು ತೋರಿಸಿ. ಬೂಟಿಗೆಂದು ಹೇಗೂ ಖರ್ಚು ಮಾಡುವ ಮೊತ್ತವನ್ನು ಹೇಳಿ, ಆಯ್ಕೆಯನ್ನು ಅವಳಿಗೇ ಬಿಡಿ. ಹೆಚ್ಚಿನ ಬೆಲೆಯದೇ ಬೇಕೆಂದರೆ ಮಿಕ್ಕದ್ದನ್ನು ಅವಳೇ ಕೂಡಿಡಲಿ. ಗೆಳತಿಯರ ಗುಂಪಿನಿಂದ ಹೊರಗುಳಿಯುವ ಭಯ ಆ ವಯಸ್ಸಿನಲ್ಲಿ ನಿಜವಾದ ನೋವು. ‘ಅವರಿವರನ್ನು ನೋಡಿ ಕುಣಿಯಬೇಡ’ ಎಂದು ಗದರಿದರೆ ಅವಳು ನಿಮ್ಮೊಡನೆ ಹೇಳಿಕೊಳ್ಳುವುದನ್ನೇ ಬಿಟ್ಟುಬಿಡುತ್ತಾಳೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಾನು ಬೇಡವೆಂದದ್ದನ್ನು ನಮ್ಮ ತಾಯಿ ಮೊಮ್ಮಗನಿಗೆ ಗುಟ್ಟಾಗಿ ಕೊಡಿಸುತ್ತಾರೆ. ಏನಾದರೂ ಹೇಳಿದರೆ ನೊಂದುಕೊಳ್ಳುತ್ತಾರೆ.

ಉತ್ತರ: ಅವರ ಪ್ರೀತಿಯನ್ನು ತಡೆಯುವ ಅಗತ್ಯವಿಲ್ಲ ಸರ್, ಗುಟ್ಟನ್ನು ಮಾತ್ರ ನಿಲ್ಲಿಸಬೇಕು. ಮಗುವಿಲ್ಲದ ಹೊತ್ತಿನಲ್ಲಿ, ‘ಅಮ್ಮ, ನಾನು ಬೇಡ ಎಂದದ್ದು ನಿಮ್ಮಿಂದ ಸಿಕ್ಕರೆ ನಾಳೆ ನಮ್ಮಿಬ್ಬರ ಮಾತನ್ನೂ ಅವನು ಕೇಳುವುದಿಲ್ಲ’ ಎಂದು ಹೇಳಿ ನೋಡಿ. ಮಗುವಿಗೆ ನಿಜವಾಗಿ ಬೇಕಿರುವ ವಸ್ತುವೊಂದನ್ನು ಅವರಿಗೇ ತಿಳಿಸಿ, ಅದು ಎಲ್ಲರ ಎದುರು ಅಜ್ಜಿಯ ಕೈಯಿಂದಲೇ ಬರಲಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ಜಾಹೀರಾತು ನೋಡಿಯೇ ನನ್ನ 5 ವರ್ಷದ ಮಗಳು ಎಲ್ಲವನ್ನೂ ಕೇಳುತ್ತಾಳೆ. ಅದು ಮಾರಾಟದ ತಂತ್ರವೆಂದು ತಿಳಿಹೇಳಿದರೆ ಸಾಕೇ?

ಉತ್ತರ: ಆ ವಯಸ್ಸಿಗೆ ಅಷ್ಟೇ ಸಾಲದು. ತನ್ನ ಮನವೊಲಿಸಲೆಂದೇ ಜಾಹೀರಾತನ್ನು ಮಾಡಿರುತ್ತಾರೆಂಬುದು ಸಾಮಾನ್ಯವಾಗಿ 7-8 ವರ್ಷದವರೆಗೆ ಮಕ್ಕಳಿಗೆ ಸರಿಯಾಗಿ ತಿಳಿಯುವುದಿಲ್ಲ. ಈ ಕಾರಣದಿಂದಲೇ ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಮಕ್ಕಳನ್ನು ಗುರಿಯಾಗಿಸಿದ ಟಿವಿ ಜಾಹೀರಾತಿಗೆ ನಿಷೇಧವಿದೆ. ಆದ್ದರಿಂದ ಸದ್ಯಕ್ಕೆ ಜಾಹೀರಾತುಗಳಿಲ್ಲದ ಕಾರ್ಯಕ್ರಮಗಳನ್ನು ಆರಿಸಿಕೊಡಿ. ಆಟಿಕೆಗಳ ಪೊಟ್ಟಣ ಬಿಚ್ಚಿ ತೋರಿಸುವ ವಿಡಿಯೊಗಳೂ ಜಾಹೀರಾತಿನಂತೆಯೇ ಕೆಲಸ ಮಾಡುತ್ತವೆ, ಅವುಗಳನ್ನೂ ದೂರವಿಡಿ.